ಎಡ ಮುಂಗಾಲಿನ ಬಿಸಿ

ಬಿಸಿ ಇತ್ತು. ಬೆರಿಲ್ ಕೈ ತೆಗೆದಳು, ಮತ್ತೆ ಇಟ್ಟಳು. ಬಿಷಪ್ ಎಂಬ ಕುದುರೆಯ ಎಡ ಮುಂಗಾಲಿನಲ್ಲಿ, ಮಂಡಿಯಿಂದ ನಾಲ್ಕು ಬೆರಳು ಕೆಳಗೆ, ಹಿಂಬದಿಯ ಸ್ನಾಯು ಹುರಿಗೊಂಡ ಹಗ್ಗದ ಹಾಗೆ ಇಳಿದುಬರುವ ಕಡೆ, ನಾಣ್ಯದಷ್ಟಗಲ ಬಿಸಿ. ಊತವಿರಲಿಲ್ಲ. ಒತ್ತಿದರೆ ಕುದುರೆ ಕಾಲು ಎಳೆದುಕೊಳ್ಳಲಿಲ್ಲ, ಕಿವಿ ಕೂಡ ಆಡಿಸಲಿಲ್ಲ. ಹುಲ್ಲಿನ ಬಲೆಯಿಂದ ಒಂದು ಕಡ್ಡಿ ಎಳೆದು ಅವಳ ಟೋಪಿಯ ಮೇಲೆ ಉದುರಿಸಿಕೊಂಡು ಮೆಲ್ಲುತ್ತಿತ್ತು. ಬೇರೆ ಯಾರು ಮುಟ್ಟಿದರೂ ಸಿಗದಷ್ಟು ಸಣ್ಣ ಬಿಸಿ. ಅವಳು ಮತ್ತೊಮ್ಮೆ ಕಂಬಳಿಯ ಕೆಳಗೆ ಕೈ ತೂರಿಸಿ ಕುದುರೆಯ ಹೊಟ್ಟೆಗೆ ಅಂಗೈ ಒತ್ತಿ ನಿಂತಳು. ತನ್ನ ಕೈ ಎಲ್ಲಿ ಮುಗಿಯಿತು, ಕುದುರೆ ಎಲ್ಲಿ ಶುರುವಾಯಿತು ಎಂದು ತಿಳಿಯದಂತಾಗುವವರೆಗೆ ನಿಲ್ಲಬೇಕು, ಆಮೇಲೆ ಕಾಲಿಗೆ ಇಳಿಯಬೇಕು. ತಣ್ಣಗಿನ ಕೈಗೆ ಎಲ್ಲ ಕಾಲೂ ಬಿಸಿ, ಬಿಸಿ ಕೈಗೆ ಎಲ್ಲ ಕಾಲೂ ತಣ್ಣಗೆ. ಮೂವತ್ತೆಂಟು ವರ್ಷದಿಂದ ದಿನಾ ಬೆಳಿಗ್ಗೆ ಐದಕ್ಕೆ ಅವಳು ಮಾಡುತ್ತ ಬಂದದ್ದು ಇಷ್ಟೇ. ಮೂರನೇ ಸಲವೂ ಅದು ಅಲ್ಲೇ ಇತ್ತು. ಆಗ ಅವಳಿಗೆ ಆದದ್ದು ಗಾಬರಿಯಲ್ಲ. ಯಾರಿಗೂ ಕಾಣದಂತೆ ಬಾಯಿಗೆ ಹಾಕಿಕೊಂಡ ಸಿಹಿ ಕರಗತೊಡಗಿದಾಗ ಆಗುವಂಥದ್ದು. ಇರಲಿ, ಅಂದುಕೊಂಡಳು. ಇರಲಿ, ಅಲ್ಲೇ ಇರಲಿ.

ಟ್ರೇನರ್ ಕ್ಲಾರಿ ಆರ್ಮ್ಸ್‌ಬಿಯ ಲಾಯದಲ್ಲಿ ಇಪ್ಪತ್ತಮೂರು ಕುದುರೆಗಳು. ಅಲ್ಲಿನ ಪದ್ಧತಿ ಏನೆಂದರೆ, ಬೆರಿಲ್ ಒಂದೊಂದೇ ಕುದುರೆಯ ನಾಲ್ಕೂ ಕಾಲು ಮುಟ್ಟಿ ನೋಡಿ, ಬಾಗಿಲಿಗೆ ಬಂದು, ಅಂಗಳಕ್ಕೆ ಕೇಳುವ ಹಾಗೆ ‘ತಣ್ಣಗಿದೆ’ ಎಂದು ಕೂಗಬೇಕು. ಆ ಮಾತು ಕೇಳಿದ ಮೇಲೇ ಕುದುರೆಗೆ ಜೀನು. ವಾರಂಗೂಲ್ ಊರಿನ ಬೇರೆ ಟ್ರೇನರ್‌ಗಳು ಇದನ್ನು ಕೇಳಿ ನಗುತ್ತಿದ್ದರು, ಕ್ಲಾರಿಯ ಲಾಯದಲ್ಲಿ ಬೆಳಗಿನ ಪ್ರಾರ್ಥನೆ ಬೆರಿಲ್‌ಳದು ಎನ್ನುತ್ತಿದ್ದರು. ನಕ್ಕರೂ ತಮ್ಮ ಕುದುರೆಯ ಕಾಲಿನ ಮೇಲೆ ಅನುಮಾನ ಬಂದಾಗ ಹಿಂಬಾಗಿಲಿನಿಂದ ಬಂದು, ‘ಒಂಚೂರು ಕೈ ಇಟ್ಟು ಹೋಗೇ’ ಎಂದು ಅವಳನ್ನೇ ಕರೆಯುತ್ತಿದ್ದರು. ಅದೆಲ್ಲ ಟಿಲ್ಲಿ ಎಂಬ ಕುದುರೆ ಬೀಳುವುದಕ್ಕೆ ಮುಂಚೆ. ಈಗ ಕರೆಯುವುದಿಲ್ಲ. ಈಗ ಬೇಕರಿಯಲ್ಲಿ ಅವಳ ಹಿಂದೆ ಸಾಲಿನಲ್ಲಿ ನಿಂತವರು ಇದ್ದಕ್ಕಿದ್ದಂತೆ ಬ್ರೆಡ್ಡಿನ ಬಗ್ಗೆ ಮಾತಾಡುತ್ತಾರೆ.

ಹದಿನಾಲ್ಕು ತಿಂಗಳ ಹಿಂದೆ, ಅಲ್ಲಿನ ನಡುಚಳಿಗಾಲವಾದ ಜುಲೈನಲ್ಲಿ, ಹೀಗೇ ಹಿಮ ಬಿದ್ದು ನೀರಿನ ಕೊಳವೆ ಗಡ್ಡೆ ಕಟ್ಟಿದ ಬೆಳಿಗ್ಗೆ, ಅವಳು ಟಿಲ್ಲಿಯ ಬಾಗಿಲಿಗೆ ಬಂದು ‘ಬಿಸಿ’ ಎಂದಿದ್ದಳು. ಎರಡು ಸಲ ಹೇಳಿದ್ದಳು. ಕ್ಲಾರಿ ಟೀ ಮಗ್ಗನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಬಂದವನು ಅದನ್ನು ಕಿಟಕಿಯ ಮೇಲಿಟ್ಟು, ಗೊಣಗುತ್ತ ಬಗ್ಗಿ, ಕಾಲು ಸವರಿ, ‘ಎಲ್ಲಿ ಬಿಸಿ? ಮೀನಿನ ಹಾಗೆ ತಣ್ಣಗಿದೆ. ನಿನ್ನ ಕೈ ಹಿಮ ಹಿಡಿದಿದೆ ಕಣೇ’ ಎಂದ. ಹೊಗೆಯಾಡುವ ಮಗ್ಗನ್ನು ಹತ್ತು ನಿಮಿಷ ಹಿಡಿದ ಕೈ ಅದು. ಅವಳು ಮಗ್ಗನ್ನೂ ನೋಡಿದಳು, ಕೈಯನ್ನೂ ನೋಡಿದಳು, ಸುಮ್ಮನಾದಳು. ಅವನು ಯಜಮಾನ. ಆ ಬೆಳಗಿನ ತಾಲೀಮಿನಲ್ಲಿ ಟಿಲ್ಲಿ ಪೈನ್ ಮರಗಳ ತಿರುವಿನಲ್ಲಿ ಕಾಲು ಮುರಿದು ಬಿತ್ತು. ಮುರಿದ ಸದ್ದು ಕೇಳಿಸಿತು ಎಂದು ಆಮೇಲೆ ಬಹಳ ಜನ ಹೇಳಿದರು. ಬೆರಿಲ್‌ಗೆ ಕೇಳಿಸಲಿಲ್ಲ, ಅವಳಿಗೆ ಕಂಡದ್ದು ಬಿದ್ದ ಕುದುರೆಯನ್ನು ಮುಗಿಸುವುದು ಕಾಣದಿರಲೆಂದು ಹಿಡಿಯುವ ಹಸಿರು ಪರದೆಯನ್ನು ಹೊತ್ತು ಓಡುತ್ತಿದ್ದ ಇಬ್ಬರು, ಪರದೆಯ ಈಚೆಗೆ ಬಿದ್ದಿದ್ದ ಸವಾರ ಸ್ನೋಯಿಯ ಬೂಟು. ಕಾಲಿನಿಂದ ಕಳಚಿ ಹೋಗಿದ್ದ ಆ ಬೂಟು ಹುಲ್ಲಿನಲ್ಲಿ, ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟ ಹಾಗೆ, ನೆಟ್ಟಗೆ ನಿಂತಿತ್ತು.

ವಿಚಾರಣೆ ರೇಸ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ. ಹೀಟರ್ ಉರಿಯುತ್ತಿತ್ತು, ಮೂರು ಜನ ಕೂತಿದ್ದರು. ಕ್ಲಾರಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ಅವಳ ಕಡೆ ತಿರುಗದೆ, ‘ಕಾಲು ನೋಡೋದು ಬೆರಿಲ್. ಅವಳು ಬಿಡದೆ ನನ್ನ ಲಾಯದಿಂದ ಒಂದು ಕುದುರೇನೂ ಹೊರಗೆ ಹೋಗಲ್ಲ’ ಎಂದ. ಎರಡು ಮಾತೂ ನಿಜ. ಬೇಕಾದರೆ ಬೈಬಲ್ ಮುಟ್ಟಿ ಹೇಳಬಹುದಾದಷ್ಟು ನಿಜ. ಅವಳಿಗೆ ಕೆಮ್ಮು ಬಂತು. ಬರೆದುಕೊಳ್ಳುತ್ತಿದ್ದ ಹುಡುಗಿ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟಳು, ಲೋಟದ ಕೆಳಗೆ ಮಡಿಚಿದ ಕಾಗದದ ಕರವಸ್ತ್ರ ಇಟ್ಟು. ಆ ಕೋಣೆಯಲ್ಲಿ ಅವಳನ್ನು ಮನುಷ್ಯಳೆಂದು ನೋಡಿದ್ದು ಆ ಹುಡುಗಿ ಒಬ್ಬಳೇ. ನೀರು ಕುಡಿದು ಏಳುವಾಗ ಕುರ್ಚಿ ಬಿತ್ತು. ‘ಸಾರಿ’ ಎಂದಳು. ಅವಳು ಹೇಳಿದ್ದು ಕುರ್ಚಿಗೆ. ವರದಿಯಲ್ಲಿ ಬೆರಿಲ್ ಟ್ವೊಮಿ ಆಡಿದ ಮಾತು ಎಂದು ಇರುವುದು ಅದೊಂದೇ.

ಅಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದಳೇನೋ. ಅಥವಾ ಮರೆಯುತ್ತಿದ್ದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೆ ಫ್ಲೋರಾ ಬಂದಳು. ವಿಶ್ವವಿದ್ಯಾಲಯದ ಪಶುವೈದ್ಯೆ, ಮೂವತ್ತು ದಾಟಿರಲಿಕ್ಕಿಲ್ಲ, ಯಾವ ಗೇಟು ತೆರೆದರೂ ಮರೆಯದೆ ಹಾಕಿ ಕೊಂಡಿ ಎಳೆದು ನೋಡುವವಳು. ಟೀವಿಯಲ್ಲಿ ರೇಸಿನ ದಿನ ಬೀಳುವ ಕುದುರೆಯನ್ನು ಎಲ್ಲರೂ ನೋಡುತ್ತಾರೆ, ಯಾರೂ ನೋಡದ ಬೆಳಗಿನ ಹೊತ್ತು ತಾಲೀಮಿನಲ್ಲಿ ಕೆಟ್ಟುಹೋಗುವ ಕಾಲುಗಳನ್ನು ಎಣಿಸಿದವರಿಲ್ಲ ಎಂದು ಅವಳು ಮೂರು ವರ್ಷದಿಂದ ಎಣಿಸುತ್ತಿದ್ದಳು. ನೂರು ಕುದುರೆ ತಾಲೀಮಿಗೆ ಇಳಿದರೆ ಎಷ್ಟು ಕುದುರೆಗೆ ಗಾಯ, ಎಷ್ಟು ದಿನ ನಿಲುಗಡೆ, ಯಾಕೆ. ಒಂದೊಂದು ಲಾಯವೂ ತಿಂಗಳಿಗೊಂದು ಹಾಳೆ ತುಂಬಿಕೊಡಬೇಕು. ಕ್ಲಾರಿ ಅಡುಗೆಮನೆಯ ಮೇಜಿನ ಮೇಲೆ ಕೂತು ತುಂಬುತ್ತಿದ್ದ: ‘ಹುಲ್ಲಿಗೆ’, ‘ಹುಲ್ಲಿಗೆ’, ‘ಹುಲ್ಲಿಗೆ’. ಕುದುರೆಯನ್ನು ಎರಡು ತಿಂಗಳು ಬಯಲಿಗೆ ಬಿಟ್ಟರೆ ಅದು ವಿಶ್ರಾಂತಿ, ಗಾಯವಲ್ಲ. ಕುಂಟುತ್ತ ಹೋದದ್ದೂ ಹುಲ್ಲಿಗೆ, ಬೇಸರಕ್ಕೆ ಹೋದದ್ದೂ ಹುಲ್ಲಿಗೆ. ಸುಳ್ಳು ಅನ್ನುವ ಹಾಗಿಲ್ಲ, ಎಲ್ಲರೂ ಹಾಗೇ ಬರೆಯುತ್ತಿದ್ದರು. ಕ್ಲಾರಿ ಮಾತ್ರ ಎಲ್ಲರಿಗಿಂತ ಅಚ್ಚುಕಟ್ಟಾಗಿ ಬರೆಯುತ್ತಿದ್ದ. ವರ್ಷದ ಕೊನೆಗೆ ತೆಳ್ಳನೆಯ ನೀಲಿ ಪುಸ್ತಕ ಬಂತು. ಹೆಸರುಗಳಿರಲಿಲ್ಲ, ಬರೀ ಅಂಕಿ. ಏಳನೇ ಲಾಯ ಯಾವುದೆಂದು ವಾರಂಗೂಲ್‌ನಲ್ಲಿ ನಾಯಿಗೂ ಗೊತ್ತಿತ್ತು. ಏಳನೇ ಲಾಯ: ಗಾಯ ಒಂದು. ಇಡೀ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಕಡಿಮೆ. ಪಕ್ಕದ ಸಾಲಿನಲ್ಲಿ, ಕಾರಣ: ಬೆಳಗಿನ ಪರೀಕ್ಷೆಯಲ್ಲಿ ಕೈತಪ್ಪು. ಕ್ಲಾರಿ ಆ ಹಾಳೆಯನ್ನು ಟೀ ಕೋಣೆಯ ಗೋಡೆಗೆ ಚುಚ್ಚಿದ. ಅವಳು ದಿನಕ್ಕೆ ಮೂರು ಸಲ ಅದರ ಕೆಳಗೆ ಕೂತು ಟೋಸ್ಟ್ ತಿಂದಳು. ಮೂವತ್ತೆಂಟು ವರ್ಷದಲ್ಲಿ ‘ಬಿಸಿ’ ಎಂದು ಅವಳು ನಿಲ್ಲಿಸಿದ ಕುದುರೆಗಳು, ಮುರಿಯದೆ ಉಳಿದ ಕಾಲುಗಳು, ಅವಕ್ಕೆ ಯಾವ ಪುಸ್ತಕದಲ್ಲೂ ಸಾಲಿಲ್ಲ. ಆಗದೇ ಹೋದದ್ದನ್ನು ಎಣಿಸುವುದು ಹೇಗೆ? ಅವಳು ಇರುವುದು ಆ ಒಂದರಲ್ಲಿ.

‘ಏನಮ್ಮ ಬೆಝ್, ಬಿಷಪ್ಪನೋರು ಇವತ್ತು ಆಶೀರ್ವಾದ ಮಾಡ್ತಾರೋ, ಇಲ್ಲ ಒದೀತಾರೋ?’

ಸ್ನೋಯಿ ಅರ್ಧ ಬಾಗಿಲ ಮೇಲೆ ಮೊಣಕೈ ಊರಿ ನಿಂತಿದ್ದ. ಐವತ್ತೆರಡು ವಯಸ್ಸು, ಒಂದು ಕಾಲದ ಜಾಕಿ, ಈಗ ಬೆಳಗಿನ ತಾಲೀಮಿಗೆ ಮಾತ್ರ. ಕೈಯಲ್ಲಿ ಬೇಕರಿಯ ಕಾಗದದ ಚೀಲ. ಮಂಗಳವಾರ, ಗುರುವಾರ ಗುಲಾಬಿ ಸಕ್ಕರೆ ಸವರಿದ ಬನ್ನು ತರುತ್ತಿದ್ದ, ಅವಳಿಗೊಂದು, ತನಗೊಂದು. ಟಿಲ್ಲಿಯಿಂದ ಬಿದ್ದು ಅವನು ಆಸ್ಪತ್ರೆಯಲ್ಲಿ ಆರು ವಾರ ಮಲಗಿದ್ದಾಗ ಅವಳು ನೋಡಲು ಹೋಗಿ, ಹಾಸಿಗೆಯ ಕಬ್ಬಿಣ ಹಿಡಿದು, ‘ನಾನು ಬಿಸಿ ಅಂದಿದ್ದೆ ಸ್ನೋಯಿ’ ಎಂದಾಗ, ಅವನು, ‘ಅಂದೇ ಇರ್ತೀಯ ಬಿಡು. ನಂಗೆ ಗೊತ್ತಿಲ್ವಾ?’ ಎಂದಿದ್ದ. ಅಷ್ಟೇ. ಆಮೇಲೆ ದ್ರಾಕ್ಷಿ ತೊಳೆದು ಕೊಡು ಎಂದಿದ್ದ. ವಾರಂಗೂಲ್‌ನಲ್ಲಿ ಅವಳ ಮಾತು ನಂಬಿದವನು ಅವನೊಬ್ಬ.

‘ಒದೆಯೋದಾದ್ರೆ ನಿನ್ನ ಮಂಡೆಗೇ ಒದೀಲಿ,’ ಎಂದಳು. ‘ಅಲ್ಲಿ ಮುರಿಯೋಕೆ ಏನೂ ಉಳಿದಿಲ್ಲ.’

‘ಅದೂ ಸರಿ ಅನ್ನು. ಇಷ್ಟು ಹೊತ್ತು ಏನು ಮಾಡ್ತಿದೀಯ ಅವನ ಕಾಲಡಿ? ಪಾಪ ಹೇಳ್ಕೊತಿದೀಯಾ?’

ಅವಳು ನಕ್ಕಳು. ನಗು ಸರಾಗವಾಗಿ ಬಂದದ್ದು ಕಂಡು ತನಗೇ ಆಶ್ಚರ್ಯವಾಯಿತು. ಈಗ ಹೇಳಬಹುದಿತ್ತು. ಒಂದು ಮಾತು. ಆದರೆ ಅಂಗಳದಲ್ಲಿ ಕಾರು ನಿಂತ ಸದ್ದು, ಬಿಷಪ್‌ನ ಮಾಲೀಕ ರಾಲ್ಫ್ ಸ್ಟ್ರಾಹನ್‌ನ ದೊಡ್ಡ ದನಿ, ಅವನ ಹಿಂದೆಯೇ ಫ್ಲೋರಾಳ ಸಣ್ಣ ವ್ಯಾನು. ಶನಿವಾರ ರೇಸು, ಇವತ್ತು ಕೊನೆಯ ನಾಗಾಲೋಟ ನೋಡಲು ಮಾಲೀಕ ಬಂದಿದ್ದಾನೆ. ತನ್ನ ಪುಸ್ತಕದ ಎರಡನೇ ಭಾಗಕ್ಕೆ ಜಿಲ್ಲೆಯ ಅತ್ಯುತ್ತಮ ಲಾಯದ ಬೆಳಗಿನ ಕ್ರಮವನ್ನು ಬರೆದುಕೊಳ್ಳಲು ಫ್ಲೋರಾ ಬಂದಿದ್ದಾಳೆ. ಹೀಗೆ ಇಬ್ಬರು ಸಾಕ್ಷಿಗಳು ಒಂದೇ ಬೆಳಿಗ್ಗೆ, ಅದೂ ಹಿಮದ ಬೆಳಿಗ್ಗೆ, ಒದಗಿಬರಬೇಕಾದರೆ! ಬೆರಿಲ್ ಬಾಗಿಲ ಕೊಂಡಿ ಹಾಕಿ, ಏನೂ ಕೂಗದೆ, ಟೀ ಕೋಣೆಗೆ ನಡೆದಳು.

ಕೆಟಲ್ ಕುದಿಯುವವರೆಗೆ ಕಿಟಕಿಯಿಂದ ತನ್ನ ಕಾರು ನೋಡುತ್ತ ನಿಂತಳು. ಗಾಜಿನ ಮೇಲಿನ ಹಿಮವನ್ನು ಯಾರೋ ಕೆರೆದು ತೆಗೆದಿದ್ದರು. ಯಾರೋ ಅಲ್ಲ, ಕ್ಲಾರಿ. ಟಿಲ್ಲಿ ಹೋದ ಚಳಿಗಾಲದಿಂದ ಅವನು ಹಿಮ ಬಿದ್ದ ದಿನವೆಲ್ಲ ಹೀಗೆ ಮಾಡುತ್ತಿದ್ದ. ಮಾಡಿದ್ದನ್ನು ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಮೊದಮೊದಲು ಅವಳು ಮನೆಗೆ ಹೋಗುವಾಗ ಬೇಕೆಂದೇ ಗಾಜಿಗೆ ಕೆಸರು ನೀರೆರಚಿ ಕೊಳೆ ಮಾಡಿಕೊಂಡು ಹೋಗುತ್ತಿದ್ದಳು. ಗಾಜು ಕೆರೆದರೆ ತೀರುವ ಲೆಕ್ಕವೇ ಇದು? ಬಾಯಿಬಿಟ್ಟು ಒಂದು ಮಾತು ಆಡಲಾರದ ಗಂಡಸು ಕೆರೆಯುತ್ತಾನೆ. ಕೆರೆಯಲಿ. ಅವಳು ದೊಡ್ಡ ಮಗ್ಗು ತೆಗೆದಳು, ದಪ್ಪ ಗೋಡೆಯದು. ಮೊದಲು ಬರೀ ಬಿಸಿನೀರು ಹಾಕಿ ಮಗ್ಗನ್ನು ಕಾಯಿಸಿದಳು, ಚೆಲ್ಲಿ, ಆಮೇಲೆ ಟೀ ಹಾಕಿದಳು. ಅತಿಥಿಗೆ ಹಾಗೆ ಮಾಡಬೇಕೆಂದು ಅವಳ ತಾಯಿ ಕಲಿಸಿದ್ದರು.

‘ತಗೋ, ಕ್ಲಾರಿ.’

ಬಿಷಪ್‌ನ ಬಾಗಿಲ ಬಳಿ ಮಾಲೀಕನ ಜೊತೆ ನಿಂತಿದ್ದ ಅವನು ಮಗ್ಗನ್ನು ನೋಡಿದ, ಅವಳನ್ನು ನೋಡಿದ. ಹದಿನಾಲ್ಕು ತಿಂಗಳಲ್ಲಿ ಅವಳು ಅವನಿಗೆ ಟೀ ಕೊಟ್ಟಿರಲಿಲ್ಲ. ಅರವತ್ತಾರು ವರ್ಷದ ಆ ಮುಖದಲ್ಲಿ ಏನೋ ಸಡಿಲವಾಯಿತು. ಮೂಗು ಸೋರುತ್ತಿದೆ ಎಂಬಂತೆ ತೋಳಿನಿಂದ ಒರೆಸಿಕೊಂಡ. ‘ಒಳ್ಳೇದಾಯ್ತು ಬೆರಿಲ್,’ ಎಂದ. ‘ಒಳ್ಳೇದಾಯ್ತು.’ ಮಗ್ಗನ್ನು ಎರಡೂ ಕೈಯಿಂದ ಅಪ್ಪಿ ಹಿಡಿದ. ಕುಡಿ, ಅಂದುಕೊಂಡಳು, ನಿಧಾನ ಕುಡಿ. ಅವನ ಆ ಕೃತಜ್ಞತೆ ಅವಳಿಗೆ ಅಸಹ್ಯವಾಯಿತು, ಆದರೆ ಅಸಹ್ಯದ ಜೊತೆಗೆ ಹಸಿವಿನಂಥದ್ದೂ ಇತ್ತು. ರಾಲ್ಫ್ ಶನಿವಾರದ ಬಗ್ಗೆ ಮಾತಾಡಿದ. ಫ್ಲೋರಾ ಚಳಿಗೆ ಪೆನ್ನು ಬರೆಯದೆ ಅದನ್ನು ಬಾಯಿಯ ಆವಿಗೆ ಹಿಡಿದಳು. ಐದು ನಿಮಿಷ, ಹತ್ತು ನಿಮಿಷ. ಮಗ್ಗು ಖಾಲಿಯಾದರೂ ಅವನು ಅದನ್ನು ಬಿಟ್ಟಿರಲಿಲ್ಲ.

‘ಕಾಲು ಯಾವಾಗ್ಲೂ ನೀವೇ ನೋಡ್ತೀರಾ?’ ಫ್ಲೋರಾ ಅವನನ್ನು ಕೇಳಿದಳು.

‘ನಾನಾ? ಇಲ್ಲಪ್ಪ. ಬೆರಿಲ್. ಇಡೀ ಜಿಲ್ಲೇಲಿ ಇವಳಂಥ ಕೈ ಇಲ್ಲ.’

ಇಬ್ಬರ ಮುಂದೆ ಹೇಳಿದ. ಆವತ್ತು ಆ ಕೋಣೆಯಲ್ಲಿ ಇದನ್ನೇ ಹೇಳಿದ್ದರೆ? ಅಷ್ಟರಲ್ಲಿ ಅವಳ ಬಾಯಿ ತಾನಾಗಿ ತೆರೆದುಕೊಂಡಿತ್ತು. ‘ಬಿಷಪ್‌ದು ಇವತ್ತು ನಾನು ಹೇಳಲ್ಲ, ಕ್ಲಾರಿ. ನೀನೇ ನೋಡು. ನನ್ನ ಕೈ ಹಿಮ ಹಿಡಿದಿದೆ.’

ತನ್ನದೇ ಮಾತು ಅವನಿಗೆ ನೆನಪಾಗಲಿಲ್ಲ. ಅವಳು ತನಗೆ ಮರ್ಯಾದೆ ಕೊಡುತ್ತಿದ್ದಾಳೆ ಎಂದುಕೊಂಡ. ಮಗ್ಗನ್ನು ಅವಳಿಗೇ ಕೊಟ್ಟು, ಒಳಗೆ ಹೋಗಿ, ಗೋಡೆ ಹಿಡಿದು, ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಊರಿದ. ಟೋಪಿ ಜಾರಿ, ನಡುನೆತ್ತಿಯ ಬೋಳು ಕಂಡಿತು, ಮಗುವಿನ ನೆತ್ತಿಯ ಹಾಗೆ ತೆಳ್ಳಗೆ, ಗುಲಾಬಿಯಾಗಿ. ಅವಳು ಕಣ್ಣು ತಿರುಗಿಸಿ ಅವನ ಕೈಯನ್ನು ಮಾತ್ರ ನೋಡಿದಳು. ಕೆಂಪಗಿದ್ದ ಕೈ ಮಂಡಿಯಿಂದ ಇಳಿಯಿತು, ಆ ಬಿಸಿಯ ಮೇಲೆ ಹೋಯಿತು, ಅಲ್ಲಿ ನಿಂತಿತು. ಮತ್ತೆ ಇಳಿಯಿತು.

‘ತಣ್ಣಗಿದೆ,’ ಎಂದ ಕ್ಲಾರಿ.

ಫ್ಲೋರಾ ಬರೆದುಕೊಂಡಳು. ಯಾರು ನೋಡಿದ್ದು, ಎಷ್ಟು ಹೊತ್ತಿಗೆ, ಏನೆಂದದ್ದು.

ಸವಾರನನ್ನು ಹತ್ತಿಸುವುದು ಕುದುರೆ ನೋಡಿಕೊಳ್ಳುವವಳ ಕೆಲಸ. ಸ್ನೋಯಿ ಜೀನು ಹಿಡಿದು ಎಡಗಾಲು ಮಡಿಚಿ ಹಿಂದಕ್ಕೆ ಚಾಚಿದ. ಅವಳು ಅವನ ಮೊಣಕಾಲ ಕೆಳಗೆ ಕೈಯಿಟ್ಟಳು. ಬಟ್ಟೆಯ ಅಡಿಯಲ್ಲಿ ಗಟ್ಟಿ ಏಣು: ಟಿಲ್ಲಿಯಿಂದ ಬಿದ್ದಾಗ ಹಾಕಿದ ಉಕ್ಕಿನ ಪಟ್ಟಿ, ಅದರ ತಿರುಪುಗಳು. ಒಂದು, ಎರಡು, ಮೂರು, ಬೆರಳಿಗೆ ಸಿಕ್ಕವು. ಕುದುರೆಯ ಕಾಲೆಂದರೆ ಅವಳಿಗೆ ಕುದುರೆಯ ಕಾಲು ಮಾತ್ರವಾಗಿತ್ತು. ಈ ಕಾಲು ಇಷ್ಟು ಹೊತ್ತು ಎಲ್ಲಿತ್ತು? ಇದು ತನ್ನ ಲೆಕ್ಕದಲ್ಲೇ ಇರಲಿಲ್ಲವೋ, ಇತ್ತೋ? ‘ಎತ್ತೇ ಮಾರಾಯ್ತಿ, ನಾಳೆ ಎತ್ತೀಯಾ?’ ಎಂದ ಸ್ನೋಯಿ. ಹೇಳು, ಹೇಳು ಎಂದು ಒಳಗೆ ಯಾರೋ ಅಂದರು. ಅವಳ ಕೈ, ಮೂವತ್ತೆಂಟು ವರ್ಷದ ಅಭ್ಯಾಸದ ಕೈ, ಅವನನ್ನು ಹಗುರವಾಗಿ ಮೇಲಕ್ಕೆ ಎತ್ತಿ ಕುದುರೆಯ ಮೇಲೆ ಕೂರಿಸಿತು. ಅವನು ಬನ್ನಿನ ಚೀಲವನ್ನು ಅವಳತ್ತ ಎಸೆದು, ‘ನನ್ನದು ತಿಂದುಬಿಟ್ಟೀಯ!’ ಎಂದು ಹೊರಟ.

ಓಟದ ಹಾದಿಯ ಬೇಲಿಯ ಪಕ್ಕ ನಿಂತಾಗ ಬೆಳಕಾಗಿತ್ತು. ಹುಲ್ಲಿನ ಮೇಲೆ ಹಿಮ, ಗೋಪುರದಲ್ಲಿ ಹೊತ್ತು ಅಳೆಯುವವನ ದೀಪ, ತಂತಿಯ ಮೇಲೆ ಮ್ಯಾಗ್‌ಪೈ ಹಕ್ಕಿಗಳ ಗಂಟಲು ತೊಳೆದಂಥ ಹಾಡು. ಬಿಷಪ್ ಆ ಬದಿಯಲ್ಲಿ ಸಣ್ಣದಾಗಿ ಓಡತೊಡಗಿತ್ತು. ಇನ್ನೂ ಹೊತ್ತಿತ್ತು, ಎರಡೂ ಕೈ ಮೇಲೆತ್ತಿದರೆ ಸಾಕು, ಸ್ನೋಯಿ ನಿಲ್ಲಿಸುತ್ತಿದ್ದ. ಅವಳ ಒಂದು ಕೈಯಲ್ಲಿ ಬನ್ನಿನ ಚೀಲ, ಇನ್ನೊಂದರಲ್ಲಿ ಖಾಲಿ ಮಗ್ಗು. ಕೆಳಗಿಟ್ಟರೆ ಕೈ ಎತ್ತಬಹುದು. ಕೆಳಗಿಡಲು ಜಾಗ ಹುಡುಕುವವಳಂತೆ ಸುತ್ತ ನೋಡಿದಳು. ಕ್ಲಾರಿ ದುರ್ಬೀನು ಹಿಡಿದು, ಕೊರಳು ಚಾಚಿ, ಕೋಳಿಯ ಹಾಗೆ ನಿಂತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಆ ಕೊರಳು ಬಗ್ಗುತ್ತದೆ. ನೀಲಿ ಪುಸ್ತಕದಲ್ಲಿ ಹೊಸ ಸಾಲು, ಅದರಲ್ಲಿ ಇವನ ಕೈ. ಬೇಕರಿಯಲ್ಲಿ ಜನ ಇವನ ಹಿಂದೆ ನಿಂತು ಬ್ರೆಡ್ಡಿನ ಮಾತಾಡುತ್ತಾರೆ. ಆ ಹಸಿರು ಪರದೆ ಎಲ್ಲಿಟ್ಟಿದ್ದಾರೋ ಎಂದು ನೋಡಿದಳು. ಆಂಬುಲೆನ್ಸಿಗೆ ಒರಗಿಸಿ ಇಟ್ಟಿದ್ದರು. ಬಿಷಪ್ ತಿರುವಿಗೆ ಬಂತು. ಕುತ್ತಿಗೆ ಚಾಚಿತು. ಪೈನ್ ಮರಗಳ ನೆರಳಿಗೆ ಹೋಯಿತು. ಅವಳು ಹಲ್ಲು ಕಚ್ಚಿ, ಈಗ, ಎಂದಳು.

ನೆರಳಿನಿಂದ ಹೊರಗೆ ಬಂತು. ಹೊಸ ಬಟ್ಟೆ ಹರಿದ ಹಾಗೆ ಉಸಿರು ಬಿಡುತ್ತ, ಗೊರಸಿನಿಂದ ಹಿಮದ ಹುಡಿ ಹಾರಿಸುತ್ತ, ಅವಳ ಮುಂದೆಯೇ ಹಾದು ಹೋಯಿತು. ನಾಲ್ಕೂ ಕಾಲಿನ ಮೇಲೆ. ಕ್ಲಾರಿ ಗಡಿಯಾರ ಒತ್ತಿ, ನೋಡಿ, ರಾಲ್ಫ್‌ಗೆ ತೋರಿಸಿದ. ರಾಲ್ಫ್ ಅವನ ಬೆನ್ನಿಗೆ ಬಾರಿಸಿದ. ‘ನೋಡಿದ್ಯಾ ಬೆರಿಲ್? ಮುದುಕನ ಕೈ ಇನ್ನೂ ಕೆಟ್ಟಿಲ್ಲ!’ ಎಂದ ಕ್ಲಾರಿ.

ಮುರಿಯಲಿಲ್ಲವಲ್ಲ, ಎಂದುಕೊಂಡಳು. ಆಮೇಲೆ ತಾನು ಅಂದುಕೊಂಡದ್ದು ಅವಳಿಗೆ ಕೇಳಿಸಿತು. ಬಿಸಿಯಾದ ಕಾಲೆಲ್ಲ ಅವತ್ತೇ ಮುರಿಯುವುದಿಲ್ಲ, ಅವಳಿಗೆ ಗೊತ್ತಿಲ್ಲದ ವಿಷಯವೇ? ನೂರಕ್ಕೆ ಇಷ್ಟು ಎಂದು ಫ್ಲೋರಾಳ ಪುಸ್ತಕ ಹೇಳಬಹುದು. ಇದು, ಈ ಬೆಳಿಗ್ಗೆ, ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಕುದುರೆ ಉಳಿಯಿತು, ಸ್ನೋಯಿ ಉಳಿದ, ಅವಳಿಗೆ ಮೋಸವಾದ ಹಾಗೆ ಅಳು ಬಂತು.

ಸ್ನೋಯಿ ನಡೆಸಿಕೊಂಡು ಬಂದು, ಎಲ್ಲರಿಂದ ನಾಲ್ಕು ಹೆಜ್ಜೆ ಆಚೆಗೆ ಇಳಿದ. ಲಗಾಮನ್ನು ಬಿಡದೆ ಅವಳನ್ನು ಕಣ್ಣಲ್ಲೇ ಕರೆದ. ನಗುತ್ತಿರಲಿಲ್ಲ. ‘ಕೊನೇ ಸ್ವಲ್ಪ ದೂರ ಎಡಗಾಲಿಗೆ ಭಾರ ಹಾಕ್ಲಿಲ್ಲ ಕಣೇ. ಬಲಕ್ಕೆ ಬಲಕ್ಕೆ ಜಾರ್ತಿದ್ದ. ಒಂದು ಸಲ ಕೈಯಿಡು. ನೀನು ಹೇಳಿದ್ರೆ ಸಾಕು ನಂಗೆ.’

ಅವಳು ಮಗ್ಗನ್ನೂ ಚೀಲವನ್ನೂ ನೆಲಕ್ಕಿಟ್ಟಳು. ಕೈಯಿಟ್ಟಳು. ನಾಣ್ಯದಷ್ಟಿದ್ದದ್ದು ಅಂಗೈಯಷ್ಟಾಗಿತ್ತು, ಹೊಟ್ಟೆಗೆ ಕೈ ಒತ್ತಿ ಕಾಯುವ ಅಗತ್ಯವೇ ಇರಲಿಲ್ಲ. ‘ಬಿಸಿ,’ ಎಂದಳು. ಫ್ಲೋರಾ ಹತ್ತಿರ ಬಂದಳು, ಅವಳ ಹಿಂದೆ ಕ್ಲಾರಿ, ರಾಲ್ಫ್.

‘ಬೆಳಿಗ್ಗೆ ಹೇಗಿತ್ತು?’ ಕೇಳಿದ್ದು ಸ್ನೋಯಿ. ಸುಮ್ಮನೆ ಕೇಳಿದ್ದ. ಹೊರಗೆ ಹೋಗುವಾಗ ಚೆನ್ನಾಗಿತ್ತು, ಓಟದಲ್ಲಿ ಆಯಿತು ಎಂಬ ಉತ್ತರ ಆಗಲೇ ಅವನ ಮುಖದಲ್ಲಿತ್ತು. ತಣ್ಣಗಿತ್ತು ಎಂದರೆ ಮುಗಿಯಿತು. ಬನ್ನು ತಿನ್ನಬಹುದು. ಆದರೆ ತಣ್ಣಗಿತ್ತು ಎಂದರೆ ಕ್ಲಾರಿಯ ಕೈ ಸರಿ. ಇವತ್ತೂ ಸರಿ, ಟಿಲ್ಲಿಯ ದಿನವೂ ಸರಿ. ಕುರ್ಚಿಗೆ ಹೇಳಿದ ‘ಸಾರಿ’ ಎಂದೆಂದಿಗೂ ಟಿಲ್ಲಿಗೆ ಹೇಳಿದ್ದೇ ಆಗುತ್ತದೆ.

‘ಐದು ಗಂಟೆಗೇ ಬಿಸಿ ಇತ್ತು,’ ಎಂದಳು. ‘ಮೂರು ಸಲ ನೋಡಿದೆ. ಟೀ ಮಗ್ಗು ಹಿಡಿದ ಕೈಗೆ ಗೊತ್ತಾಗಲ್ಲ. ಟಿಲ್ಲೀದೂ ಅವನಿಗೆ ಗೊತ್ತಾಗ್ಲಿಲ್ಲ. ಬರ್ಕೊಳಮ್ಮ, ಫ್ಲೋರಾ. ಆವತ್ತೂ ಬಿಸಿ ಅಂದಿದ್ದೆ. ಎರಡು ಸಲ ಅಂದಿದ್ದೆ.’

ಫ್ಲೋರಾಳ ಪೆನ್ನು ಕಾಗದದ ಮೇಲೆ ನಿಂತಿತು. ಕ್ಲಾರಿ ನೆಲದ ಮೇಲಿದ್ದ ಮಗ್ಗನ್ನು ನೋಡಿದ. ಅರ್ಥವಾಗುವುದಕ್ಕೆ ಅವನಿಗೆ ಹೊತ್ತು ಹಿಡಿಯಿತು. ಅದು ಅವನ ಮುಖದಲ್ಲಿ ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಅವಳು ಬಿಡದೆ ನೋಡಿದಳು, ಇದಕ್ಕಾಗಿಯೇ ಹದಿನಾಲ್ಕು ತಿಂಗಳು ಕಾದದ್ದು.

‘ಅದಕ್ಕೇ ಟೀ ಕೊಟ್ಟೆಯಾ?’

‘ಅದಕ್ಕೇ.’

ಅವನು ಟೋಪಿ ತೆಗೆದ. ‘ಹೌದು,’ ಎಂದ, ರಾಲ್ಫ್‌ಗೋ ಫ್ಲೋರಾಗೋ, ಯಾರಿಗೂ ಅಲ್ಲದೆಯೋ. ‘ಆವತ್ತು ಅವಳು ಹೇಳಿದ್ಲು. ಎರಡು ಸಲ ಹೇಳಿದ್ಲು. ನಾನೇ ಕೇಳ್ಲಿಲ್ಲ. ಬರ್ಕೊಳಿ.’ ರಾಲ್ಫ್ ಏನೋ ಜೋರಾಗಿ ಕೇಳತೊಡಗಿದ. ಫ್ಲೋರಾ ಬರೆಯುತ್ತಿದ್ದಳು. ಬೇಕಾದದ್ದೆಲ್ಲ ಬಂದಿತ್ತು, ಸಾಕ್ಷಿಗಳ ಎದುರು, ಶಾಯಿಯಲ್ಲಿ. ಬೆರಿಲ್ ಎದೆಯುಬ್ಬಿ ಉಸಿರೆಳೆದಳು. ಆ ಉಸಿರು ಸಿಹಿಯಾಗಿತ್ತು, ಅದನ್ನು ಅವಳು ಆಮೇಲೂ ಯಾವತ್ತೂ ಅಲ್ಲಗಳೆಯಲಿಲ್ಲ.

‘ಕುದುರೆ ಮೇಲೆ ನಾನಿದ್ದೆ, ಬೆರಿಲ್,’ ಎಂದ ಸ್ನೋಯಿ.

ಮೆಲ್ಲಗೆ ಹೇಳಿದ. ಬೆಝ್ ಎನ್ನಲಿಲ್ಲ. ಕೋಪವೂ ಇರಲಿಲ್ಲ, ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ, ನೋಡಿಕೋ ಎಂದು ತೋರಿಸುವವನ ಹಾಗೆ ಹೇಳಿದ. ಅವನು ಗಲ್ಲದ ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದ, ಜೀನನ್ನು ಎಳೆದು ತೋಳಿಗೆ ಹಾಕಿಕೊಂಡ. ಕುದುರೆಯನ್ನು ತಣ್ಣೀರಿಗೆ ಒಯ್ಯಬೇಕು, ಕಾಲಿಗೆ ನೀರು ಬಿಡಬೇಕು, ಅದು ಅವಳ ಕೆಲಸ. ಅವಳು ಲಗಾಮಿಗೆ ಕೈ ಚಾಚಿದಳು. ಸ್ನೋಯಿ ಆ ಕೈಯ ಪಕ್ಕದಿಂದ ದಾಟಿ ಹೋಗಿ, ಟೋಪಿಯಿಲ್ಲದೆ ನಿಂತಿದ್ದ ಕ್ಲಾರಿಯ ಕೈಗೆ ಲಗಾಮು ಕೊಟ್ಟ. ಬಿಷಪ್ ಎಡಗಾಲನ್ನು ಮೆತ್ತಗೆ ಊರುತ್ತ ಅವನ ಹಿಂದೆ ನಡೆಯಿತು.